ಎವಾರಿಸ್ತೊ ಕೇಳಿ ಬರೆಸಿಕೊಂಡ ತಪ್ಪು

ಎವಾರಿಸ್ತೊ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ ಹದಿನೆಂಟು ವರ್ಷ ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಂತು ಆಡಿದವನು. ನೆಲಕ್ಕೆ ಬಡಿದು ಬಂದ ಚೆಂಡು ಅವನ ಕೈಗವಸಿಗೆ ಸೇರುವುದನ್ನು ಕಂಡರೆ ಅವನ ಹುಟ್ಟೂರು ಸಾನ್ ಪೆದ್ರೊದ ಮುದುಕಿಯರು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ನಲವತ್ತೊಂದು ತುಂಬಿದಾಗ ಅಲ್ಲಿನವರು ಸಾಕೆಂದರು. ಚಳಿಗಾಲದ ಆಟಕ್ಕೆ ಅವನು ತನ್ನೂರಿನ ತಂಡ ಸೇರಿದ. ಮೂವತ್ತೆಂಟು ಆಟ ಕಳೆದರೂ ಅವನ ಹೆಸರಿಗೆ ಒಂದೇ ಒಂದು ತಪ್ಪು ಬಿದ್ದಿರಲಿಲ್ಲ. ಸಕ್ಕರೆ ಗಿರಣಿಯಿಂದ ಇಗರ್ಜಿಯ ತನಕ ಊರಿಗೆ ಊರೇ ಅದನ್ನೇ ಹೇಳಿಕೊಂಡು ಹಿಗ್ಗುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಚೆಂಡೆಸೆಯುತ್ತಿದ್ದವನು ವಿಲ್ಕಿನ್, ಕಬ್ಬು ಕಡಿಯುವವರ ಕೇರಿಯ ಇಪ್ಪತ್ತೆರಡರ ಹುಡುಗ. ಒಂಬತ್ತು ಸುತ್ತಿನ ಆಟದಲ್ಲಿ ಏಳು ಮುಗಿದರೂ ಎದುರಾಳಿಗಳಿಗೆ ಒಂದು ಹೊಡೆತವೂ ದಕ್ಕಿರಲಿಲ್ಲ. ಕೊನೆಯ ತನಕ ತಾನೇ ಎಸೆದು ಹಾಗೆಯೇ ಮುಗಿಸಿದರೆ ಅವನ ಹೆಸರು ಅವನು ಸತ್ತ ಮೇಲೂ ಉಳಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಅಪಶಕುನವೆಂದು ಜೊತೆಗಾರರು ಅವನ ಪಕ್ಕದಲ್ಲೂ ಕೂರಲಿಲ್ಲ.

ಎಂಟನೆಯ ಸುತ್ತಿನಲ್ಲಿ ಸಾಧಾರಣ ಚೆಂಡೊಂದು ಎವಾರಿಸ್ತೊನತ್ತ ಉರುಳಿ ಬಂತು. ಅವನು ಬಗ್ಗಿದ. ಕಣ್ಣಿಗೆ ಅದು ಕಂಡದ್ದು ತಡವಾಗಿ. ಕೈಗವಸಿನ ಅಡಿಯಲ್ಲೇ ನುಸುಳಿ ಹೋಯಿತು. ಹಿಡಿಯಬೇಕಾದ್ದನ್ನು ಬಿಟ್ಟರೆ ಅದು ಬಿಟ್ಟವನ ತಪ್ಪು, ಹಿಡಿಯಲಾಗದಂಥದಾದರೆ ಎದುರಾಳಿಯ ಹೊಡೆತ. ಯಾವುದೆಂದು ತೀರ್ಮಾನಿಸಿ ಬರೆಯುವವರು ಮೇಲಿನ ಗೂಡಿನಲ್ಲಿ ಕೂತ ಮಾರ್ಸಿಯಾಲ್, ಎವಾರಿಸ್ತೊನ ಮಗಳಿಗೆ ಜ್ಞಾನಸ್ನಾನದ ತಂದೆಯಾಗಿ ನಿಂತವರು; ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುತ್ತಿದ್ದರು. ಫಲಕದ ಮೇಲೆ ‘ಹೊಡೆತ’ ಎಂದು ಬಂತು. ವಿಲ್ಕಿನ್‌ನ ದಾಖಲೆ ಅಲ್ಲಿಗೆ ಮುರಿಯಿತು.

ಎದೆ ಮುಟ್ಟಿಕೊಂಡು ನನ್ನದೇ ತಪ್ಪು ಎನ್ನಬಹುದಿತ್ತು. ಎವಾರಿಸ್ತೊ ಅನ್ನಲಿಲ್ಲ. ಬಗ್ಗಿ, ಚೆಂಡು ಅದಕ್ಕೇ ತಗುಲಿ ದಾರಿ ತಪ್ಪಿತೆಂಬಂತೆ, ಇಲ್ಲದ ಕಲ್ಲೊಂದನ್ನು ಹೆಕ್ಕಿ ಎಸೆದಂತೆ ಮಾಡಿದ. ಇನ್ನೇನು ಉಳಿಯಿತೆಂದು ತರಬೇತುದಾರ, ತೋಳು ಸೋತಿದ್ದ ವಿಲ್ಕಿನ್‌ನನ್ನು ಹೊರಗೆ ಕರೆಸಿಕೊಂಡ.

ಆಟ ಮುಗಿದ ಮೇಲೆ ಎಂದಿನಂತೆ ಅಲ್ತಾಗ್ರಾಸಿಯಾ ಮಾತೆಗೆ ಕೈಮುಗಿಯಲು ನಿಂತರೆ ಪ್ರಾರ್ಥನೆ ನಾಲಿಗೆಗೆ ಬರಲೊಲ್ಲದು. ಎವಾರಿಸ್ತೊ ಗೂಡಿನ ಮೆಟ್ಟಿಲು ಹತ್ತಿದ.

“ಕೊಂಪಾದ್ರೆ, ಅದು ತಪ್ಪು. ತಿದ್ದಿ ಬರೀರಿ.”

“ಬಿಸಿಲು ತಲೆಗೇರ್ತಾ? ಅಂಥ ಚೆಂಡನ್ನ ಸಂತ ಪೇತ್ರನೂ ಹಿಡೀತಿರಲಿಲ್ಲ,” ಎಂದು ಮಾರ್ಸಿಯಾಲ್ ನಕ್ಕರು.

“ನಮ್ಮಜ್ಜಿ ಕುರ್ಚಿ ಬಿಟ್ಟೇಳದೆ ಹಿಡೀತಿದ್ಲು.”

ಮಾರ್ಸಿಯಾಲರ ನಗು ಆರಿತು. “ಕೇಳಿ ಕೊಂಪಾದ್ರೆ. ಇದು ಮೊದಲನೇದಲ್ಲ. ಡಿಸೆಂಬರಿಂದ ನಾಲ್ಕಾಯ್ತು. ನಿಮ್ಮ ಹೆಸರಿಗೆ ತಪ್ಪು ಅಂತ ಬರೆಯೋಕೆ ನನ್ನ ಕೈ ಬರಲಿಲ್ಲ.”

ಎವಾರಿಸ್ತೊ ದಾಖಲೆ ಪುಸ್ತಕವನ್ನು ಅವರತ್ತ ತಳ್ಳಿದ. “ಎಲ್ಲಾ ಬರೀರಿ.”

“ಹಳೇದನ್ನ ತಿದ್ದೋ ಗಡುವು ದಾಟೋಯ್ತು. ಇವತ್ತಿಂದು ಮಾತ್ರ ಆಗತ್ತೆ.”

ಮಾರ್ಸಿಯಾಲ್ ತಿದ್ದಿ ಮುಗಿಸುವ ತನಕ ಅವನು ಅಲ್ಲೇ ನಿಂತಿದ್ದ.

ಕೆಳಗೆ ವಿಲ್ಕಿನ್ ಭುಜಕ್ಕೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಕೂತಿದ್ದ.

“ತಿದ್ದಿಸಿದೀನಿ ಮಗಾ. ನೀನು ಹೊಡೆತ ಕೊಟ್ಟಿಲ್ಲ. ತಪ್ಪು ನಂದು. ನೀನೂ ನೋಡಿದೆಯಲ್ಲ.”

“ಇಲ್ಲ ಮಾಯೆಸ್ತ್ರೊ, ನಾನು ನೋಡ್ಲೇ ಇಲ್ಲ,” ಎಂದ ವಿಲ್ಕಿನ್. “ನಿಮ್ಮ ಕಡೆ ಹೋಯ್ತಲ್ಲಾ, ಔಟಾಯ್ತು ಬಿಡು ಅಂತ ಬೆನ್ನು ತಿರುಗಿಸಿಬಿಟ್ಟಿದ್ದೆ.”

ಎವಾರಿಸ್ತೊ ಅವನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟ. ಆಮೇಲೆ ತರಬೇತುದಾರನ ಕೋಣೆಗೆ ನಡೆದು, ನಾಳೆ ಆಡುವವರ ಪಟ್ಟಿಯಲ್ಲಿ ತನ್ನ ಹೆಸರು ಬೇಡವೆಂದ.

“ಸರಿ, ಒಂದಿನ ಸುಧಾರಿಸ್ಕೊಳ್ಳಿ. ನಾಡಿದ್ದಿಗೆ ಹಾಕ್ಲಾ?”

“ನಾಡಿದ್ದೂ ಬೇಡ,” ಎಂದ ಎವಾರಿಸ್ತೊ.