ಅವಳೆತ್ತರದ ಕಟ್ಟೆ

ತಣ್ಣಗಿದೆ ಕಲ್ಲು, ಬಾಡಿಗೆಯವರು ಖಾಲಿ ಮಾಡಿದ ಮೇಲೆ ಒಲೆ ಹತ್ತಿಲ್ಲವಲ್ಲ, ಅವಳು ಅಡುಗೆಕಟ್ಟೆಯ ಮೇಲೆ ಎರಡೂ ಅಂಗೈ ಊರಿದಳು, ಮೊಣಕೈ ಹಾಯಾಗಿ ಮಡಚಿಕೊಂಡಿತು, ಹೆಗಲು ಏಳಲಿಲ್ಲ — ಅಯ್ಯೋ, ಇಷ್ಟು ವರ್ಷವಾದರೂ ಇದು ತನ್ನನ್ನು ಮರೆತಿಲ್ಲ, ಮನೆ ಕೊಂಡಾಗ ಇವರು ಇಲ್ಲೇ ನಿಲ್ಲಿಸಿ, ತರಕಾರಿ ಹೆಚ್ಚೋ ಹಾಗೆ ಕೈ ಇಡು ನೋಡೋಣ ಅಂದು ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು, ನನ್ನ ಕುಳ್ಳಿಗೊಂದು ಕುಳ್ಳ ಕಟ್ಟೆ ಅಂತ ನಕ್ಕಿದ್ದರು, ಮದುವೆಯಾದ ಹೊಸತು, ಎಷ್ಟು ಚೆಂದ ನಗುತ್ತಿದ್ದರು ಆಗ. ಹಿಂದೆ ಗಾರೆ ಮೇಸ್ತ್ರಿ ಚೀಲದಿಂದ ಸುತ್ತಿಗೆ ತೆಗೆಯುತ್ತಿದ್ದಾನೆ, ಮುಂದಿನ ವಾರ ಬ್ಯಾಂಕಿನವರು ಹೊಸ ಸಾಲಕ್ಕೆ ಮನೆಯ ಬೆಲೆ ಕಟ್ಟೋಕೆ ಬರುತ್ತಾರೆ, ಅಷ್ಟರಲ್ಲಿ ಇದನ್ನು ಒಡೆದು ಎಲ್ಲರ ಮನೆಯಲ್ಲಿರುವಷ್ಟು ಎತ್ತರ ಮಾಡಬೇಕಂತೆ.

ಸ್ವಲ್ಪ ದಿನ ಬಾಡಿಗೆಗೆ ಕೊಡೋಣ, ಕಂತು ತಾನಾಗೇ ತೀರುತ್ತೆ, ಅಂದಿದ್ದರು, ಬೆಲೆ ಏರಿತು, ಏರಿದ ಬೆಲೆ ತೋರಿಸಿ ಸಾಲ ತಂದರು, ಆ ಸಾಲದಲ್ಲಿ ಎರಡನೇ ಮನೆ, ಅದರ ಮೇಲೆ ಮೂರನೆಯದು, ಇದೊಂದು ಆಗಲಿ ಕಣೇ, ಆಮೇಲೆ ನಿನ್ನ ಮನೆಗೇ ಹೋಗೋಣ, ಇದೊಂದು ಆಗಲಿ — ನೆಂಟರ ಬಾಯಲ್ಲಿ ಅವಳು ಮೂರು ಮನೆಯೊಡತಿ, ಒಡತಿಯಮ್ಮ ಇವತ್ತಿಗೂ ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದು, ಎದೆಯೆತ್ತರದ ಕಟ್ಟೆಯ ಮುಂದೆ ಮಣೆ ಹತ್ತಿ ನಿಂತು ಹಾಲು ಕಾಯಿಸುತ್ತಾಳೆ, ಇವರು ಕೆಟ್ಟವರೇನಲ್ಲ, ಒಂದು ಚಟವಿಲ್ಲ, ಎಲ್ಲ ನಮಗೇ ತಾನೇ ಅನ್ನುತ್ತಾರೆ, ಹೌದು, ನಮಗೇ, ಯಾವಾಗ? ಇಲ್ಲಿದ್ದ ಬಾಡಿಗೆಯವರೆಲ್ಲ ಸೊಂಟನೋವು ಅಂತ ದೂರು ಹೇಳಿದಾಗ ಅವಳಿಗೆ ಒಳಗೊಳಗೇ ಸಂತೋಷ, ಒಗ್ಗದಿರಲಿ, ಯಾರಿಗೂ ಒಗ್ಗದಿರಲಿ, ಈ ಕಟ್ಟೆ ಇರುವ ತನಕ ಈ ಮನೆ ತನ್ನನ್ನು ಕಾಯುತ್ತಿರುತ್ತದೆ, ಅದೂ ಹೋದರೆ ಇದು ಬರೀ ಮೊದಲನೇ ಮನೆ.

ಫೋನು, ಇವರೇ, ಶುರುವಾಯ್ತಾ, ಇನ್ನೂ ಇಲ್ಲ ರೀ, ಒಂದೇ ಒಂದು ದಿನ ಇಲ್ಲಿ ಅಡುಗೆ ಮಾಡಬೇಕು ಅಂತ ಆಸೆ ನನಗೆ, ಬಾಯಿಬಿಟ್ಟು ಹೇಳಿಯೇಬಿಟ್ಟಳು, ಆ ಕಡೆಯಿಂದ ನಗು, ಹುಚ್ಚಿ, ನಾಲ್ಕನೇ ಮನೇಲಿ ಇದಕ್ಕಿಂತ ಚೆನ್ನಾಗಿರೋದು ಕಟ್ಟಿಸ್ತೀನಿ, ಎಷ್ಟು ಎತ್ತರ ಬೇಕು ನಿಂಗೆ, ಹೇಳು — ಎಷ್ಟು ಎತ್ತರ, ಕೇಳುತ್ತಿದ್ದಾರೆ, ಗೆರೆ ಎಳೆದವರು. ಕೈ ತೆಗೀರಮ್ಮಾ, ಕಲ್ಲಿನ ಚೂರು ಸಿಡಿಯುತ್ತೆ, ಅನ್ನುತ್ತಿದ್ದಾನೆ ಮೇಸ್ತ್ರಿ, ತೆಗೀತೀನಪ್ಪ, ತೆಗೆಯುತ್ತಾಳೆ, ಯಾಕೆ ಏಳುತ್ತಿಲ್ಲ ಇವು, ಅಮ್ಮಾ, ಹೂಂ, ಮಡಿಸಿದ ಮೊಣಕೈ, ಏಳದ ಹೆಗಲು, ಕಲ್ಲಿನ ಮೇಲೆ ಎರಡು ಅಂಗೈ, ಅಂಗೈ ಕೆಳಗೆ ಕಲ್ಲು ಈಗ ಬೆಚ್ಚಗಿದೆ, ಬೆಚ್ಚಗೆ, ಎರಡು ಅಂಗೈ —