ದುರುಗಪ್ಪನ ಮೌನ

೧೯೪೦ನೆಯ ನವೆಂಬರ್ ಹದಿನೆಂಟು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸಂತೆಕಲ್ಲೂರಿನ ಕಂಬಳಿ ನೇಕಾರ ದುರುಗಪ್ಪನ ಕಾಲಿಗೆ ಆಗಲೇ ಐದು ಜನ ಬಿದ್ದು ಹೋಗಿದ್ದರು. ಮಗ್ಗದ ಜೊತೆಗಾರ ಅಂಬಪ್ಪ ತೀರಿಕೊಂಡು ಮೂರು ತಿಂಗಳು; ಅಂದಿನಿಂದ ಮುದುಕ ಮಾತು ಬಿಟ್ಟಿದ್ದ, ಮಗ್ಗ ಬಿಟ್ಟಿದ್ದ, ಊಟವನ್ನೂ ಹೆಚ್ಚುಕಡಿಮೆ ಬಿಟ್ಟಿದ್ದ. ಊರು ಇದನ್ನು ವೈರಾಗ್ಯವೆಂದು ತಿಳಿದು ತೆಂಗಿನಕಾಯಿ ತರತೊಡಗಿತ್ತು.

ಸೊಸೆ ಯಮನಮ್ಮ ಬೇರೆಯದನ್ನು ಕಂಡಿದ್ದಳು. ಮಾವನ ಮುಂಗೈಯ ಬೆಳ್ಳಿ ಕಡಗ ಈಗ ಮೊಣಕೈವರೆಗೆ ಜಾರುತ್ತಿತ್ತು.

“ನಿಮ್ಮಪ್ಪನ್ನ ಲಿಂಗಸುಗೂರಿಗೆ ಹಕೀಮರ ಹಂತ್ಯಾಕ ಕರಕೊಂಡು ಹೋಗೂಣ್ರಿ,” ಎಂದಳು ಗಂಡನಿಗೆ.

“ಹುಚ್ಚಿ ಅದೀಯೇನ? ಅಪ್ಪ ಶರಣ ಆಗ್ಯಾನ,” ಬಾಲಪ್ಪ ಮೀಸೆ ತಿರುವಿದ.

“ಶರಣರು ‘ನನಗ ಸಾವಾದ್ರೂ ಬರವಲ್ದು’ ಅಂತಾರೇನ್ರಿ? ಗೋಡಿಗೆ ಹೇಳಾಕತ್ತಿದ್ರು. ನಾ ಕೇಳೀನಿ.”

ಬಾಲಪ್ಪನ ಕೈ ಮೀಸೆಯಲ್ಲೇ ನಿಂತಿತು. ಮರುದಿನ ನಸುಕಿನಲ್ಲಿ ಬಂಡಿ ಕಟ್ಟಿದ.

ಹಕೀಮ ಹುಸೇನ್‌ಸಾಬ್ ನಾಡಿ ಹಿಡಿದು ಕೇಳಿದರು: “ನಿದ್ದಿ ಬರ್ತದೇನ್ ಅಜ್ಜಾ?”

ದುರುಗಪ್ಪ ಇಲ್ಲವೆಂದು ತಲೆಯಾಡಿಸಿದ.

“ರೊಟ್ಟಿ ರುಚಿ?”

“ಮಣ್ಣು.” ಆಮೇಲೆ ತಾನಾಗಿಯೇ ಎಂದ, “ನಾ ಯಾರಿಗೂ ಬ್ಯಾಡಾದವ್ರಿ.”

ಹಕೀಮರು ಬಾಲಪ್ಪನತ್ತ ತಿರುಗಿದರು. “ಇದು ಮೌನ ಅಲ್ಲಪಾ, ಮನಸ್ಸಿನ ಬೀಮಾರಿ. ವಯಸ್ಸಾತು ಅಂತ ಬಿಡೂದಲ್ಲ. ಇಳೀತದ, ಆದ್ರ ಸಾವಕಾಶ. ನಿದ್ದಿಗೆ ದವಾ ಕೊಡ್ತೀನಿ. ಕಾಲಿಗೆ ಬೀಳೂದು ಬಂದ್ ಮಾಡಸು. ಅಜ್ಜನ್ನ ಒಬ್ಬನ್ನೇ ಬಿಡಬ್ಯಾಡ್ರಿ, ಜೋಡಿ ಕುಂತು ಉಣ್ರಿ, ಕೈಗೆ ಕೆಲಸ ಕೊಡ್ರಿ. ಹದಿನೈದು ದಿನಕ್ಕೊಮ್ಮೆ ಕರಕೊಂಡು ಬಾ.”

ಮಗ್ಗಕ್ಕೇರಿಸುವ ಮೊದಲು ಉಣ್ಣೆಯ ಎಳೆಗಳನ್ನು ಬಿಗಿಯಾಗಿ ಎಳೆದು ಹುಣಸೆಬೀಜದ ಗಂಜಿ ಬಳಿಯಬೇಕು. ಎರಡು ತುದಿಗೆ ಇಬ್ಬರು ಬೇಕು. ಅಂಬಪ್ಪನ ತುದಿಯನ್ನು ಯಮನಮ್ಮ ಹಿಡಿದಳು. ಮೊದಲ ವಾರಗಳಲ್ಲಿ ದುರುಗಪ್ಪ ತನ್ನ ತುದಿಯನ್ನು ಮುಟ್ಟಲೂ ಇಲ್ಲ. ಬಾಲಪ್ಪ ಅದನ್ನು ಗೂಟಕ್ಕೆ ಕಟ್ಟುತ್ತಿದ್ದ; ಮುದುಕ ಸುಮ್ಮನೆ ನೋಡುತ್ತಿದ್ದ. ನಿದ್ದೆ ಮೊದಲು ಬಂತು, ಆಮೇಲೆ ಅರ್ಧ ರೊಟ್ಟಿ.

ಎಂಟನೆಯ ವಾರ ಒಂದು ಬೆಳಿಗ್ಗೆ ಆತನೇ ಎದ್ದು ಗೂಟದಿಂದ ಎಳೆ ಬಿಚ್ಚಿ ಕೈಗೆ ತೆಗೆದುಕೊಂಡ.

“ಎಷ್ಟು ಸಡಲ ಬಿಟ್ಟೀಯಲ್ಲವ್ವಾ! ಕಂಬಳಿ ನೇಯೂಣೋ, ಮೀನಿನ ಬಲಿ ನೇಯೂಣೋ?”

ಯಮನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. “ಬೈರಿ ಮಾವಾ, ಇನ್ನೂ ಬೈರಿ.”

ಮೂರನೆಯ ದಿನ, ಎಳೆ ಒಣಗಿ ಮಗ್ಗಕ್ಕೇರಿದಾಗ, ನೆರೆಯ ಕಸ್ತೂರೆಮ್ಮ ಬಾಲಪ್ಪ ಬೇಡವೆಂದಿದ್ದರೂ ಕಾಯಿ ತಂದು ಮುದುಕನ ಕಾಲು ಹಿಡಿದಳು.

“ಕಾಲು ಬಿಡವ್ವಾ, ಕೆಲಸ ಐತಿ,” ಎಂದ ದುರುಗಪ್ಪ. “ಕಾಯಿ ಒಳಗ ಕೊಡು. ಚಟ್ನಿ ಅಕ್ಕೈತಿ.”

ಆ ಸಂಜೆಯವರೆಗೆ ನೇಯ್ದದ್ದು ಒಂದು ಗೇಣು, ನಾಲ್ಕು ಬೆರಳು.