ಲಿಂಗ ಮುಟ್ಟಿ ಕೊಟ್ಟ ಮಾತು

"ನನ್ನ ಜೀವ ಇರೋವರ್ಗೂ ಯಾರ ತಾವೂ ಬಾಯಿ ಬಿಡಕೂಡ್ದು. ಬಿಟ್ಟೆಯೋ, ಅವತ್ತೇ ನಾನು ಸತ್ತೆ ಅನ್ಕೊ." ತಾಯಿ ಗುರುಸಿದ್ದಮ್ಮ ಕೊರಳಿನ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಾಗ ರೇವಮ್ಮನಿಗೆ ಒಂಬತ್ತು ವರ್ಷ. ಹದಿನೇಳು ವರ್ಷ ಕಳೆದು, ಅರಕಲಗೂಡಿನ ಗಂಡನ ಮನೆಯಲ್ಲಿ ಬುತ್ತಿಗೆ ರೊಟ್ಟಿ ತಟ್ಟುತ್ತ ಅವಳು ಹಜಾರದ ಕಡೆ ಕಿವಿಗೊಟ್ಟಿದ್ದಳು.

ಅಲ್ಲಿ ಕೂತಿದ್ದವನು ಅವ್ವನ ತಮ್ಮ ಈಶ್ವರಯ್ಯ. ರೇವಮ್ಮನ ಎಂಟು ವರ್ಷದ ಮಗಳು ಗಂಗಾಂಬಿಕೆಯನ್ನು ತನ್ನ ಮನೆಯಲ್ಲಿಟ್ಟು ಓದಿಸುತ್ತೇನೆಂದು, ಕರೆದೊಯ್ಯಲು ಹೊಳೆನರಸೀಪುರದಿಂದ ಬಂದಿದ್ದ.

"ನಂಗಂತೂ ಮಕ್ಕಳಿಲ್ಲ ನಂಜಯ್ಯ. ಮನೆ ಬಿಕೋ ಅಂತದೆ. ಕೂಸಿದ್ರೆ ನಮ್ಮವಳ್ಗೂ ಒತ್ತೋಯ್ತದೆ."

"ನಿಮ್ಮ ಕೈಗೆ ಕೊಟ್ಮೇಲೆ ನಂಗೇನು ಯೋಚ್ನೆ ಮಾವ," ಎಂದ ಗಂಡ. "ಅದು ಬಾಯಿ ತೆಗೆದ್ರೆ ಇಡೀ ಪೇಟೆಗೆ ಕೇಳ್ತದೆ. ಅಷ್ಟು ತಡ್ಕೊಂಡ್ರೆ ಸೈ."

"ಕೂಸಿನವ್ವನೂ ಸಣ್ಣೋಳಿದ್ದಾಗ ಇಂಗೇ ವಟವಟ. ಆಮೇಲೆ ತಂತಾನೇ ಮೆತ್ತಗಾದ್ಲು ಬಿಡು."

ಇಬ್ಬರೂ ನಕ್ಕರು. ಹೆಂಚಿನ ಮೇಲೆ ರೊಟ್ಟಿ ಸೀಯಿತು.

ರೇವಮ್ಮನಿಗೆ ಒಂಬತ್ತಾಗಿದ್ದಾಗ ಈಶ್ವರಯ್ಯ ಅವಳ ತವರಿನಲ್ಲೇ ಇದ್ದ. ಅಟ್ಟಕ್ಕೆ ಕರೆದು ಅವನು ಮಾಡುತ್ತಿದ್ದುದಕ್ಕೆ ಹುಡುಗಿಗೆ ಹೆಸರು ಗೊತ್ತಿರಲಿಲ್ಲ. "ಮಾವ ನೋವು ಮಾಡ್ತಾನೆ" ಎಂದಳು, ಅಷ್ಟೇ. ರಾಗಿ ಕೇರುತ್ತಿದ್ದ ಹೆಂಗಸರು ನಗಾಡಿದರು. "ಮಾವ ಅಲ್ವೇನೇ? ನಾಳೆ ಕಟ್ಕೊಳ್ಳೋನು, ಚಿವುಟದೆ ಬಿಟ್ಟಾನಾ?" ಅಕ್ಕನ ಮಗಳನ್ನು ತಮ್ಮನಿಗೇ ತರುವ ಮನೆಗಳಲ್ಲಿ ಅದು ದಿನದ ಚೇಷ್ಟೆ. ಅವ್ವ ಮಾತ್ರ ನಗಲಿಲ್ಲ. ಮಗಳ ಮುಖ ನೋಡಿದಳು. ಸಂಜೆ ಲಿಂಗ ಮುಟ್ಟಿಸಿದಳು. ತಿಂಗಳೊಳಗೆ ತಮ್ಮನಿಗೆ ಬೇರೆ ಹೆಣ್ಣು ನೋಡಿ, ಬೇರೆ ಊರಿಗೆ ಸಾಗಹಾಕಿ, ಅಲ್ಲಿಗೆ ಮುಗಿಯಿತೆಂದುಕೊಂಡಳು. ಅವ್ವನಿಗೆ ಜ್ವರ ಬಂದಾಗಲೆಲ್ಲ ರೇವಮ್ಮ, ನಿದ್ದೆಗಣ್ಣಿನಲ್ಲಿ ಎಲ್ಲಿ ಬಾಯಿ ಬಿಟ್ಟೆನೋ ಎಂದು ನಡುಗುತ್ತಿದ್ದಳು. ಮದುವೆಯಾಗಿ, ಮಗುವಾದರೂ ಆ ನಡುಕ ಬಿಡಲಿಲ್ಲ. ಅದು ಒಂಬತ್ತು ವರ್ಷದ್ದಾಗಿಯೇ ಉಳಿದಿತ್ತು.

ಈಗ ಅವ್ವ ಅವಳ ಮನೆಯಲ್ಲೇ ಇದ್ದಳು. ಅಡುಗೆಮನೆಯ ಮೂಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

ನಂಜಯ್ಯ ಒಳಗೆ ಬಂದ. "ಬಸ್ಸಿನ ಗ್ಯಾಸಿನೊಲೆಗೆ ಇದ್ದಿಲು ತುಂಬ್ತಾವ್ರಂತೆ, ಇನ್ನೇನು ಒರಡ್ತದೆ. ಬುತ್ತಿ ಆಯ್ತೇನೇ?"

"ಕೂಸನ್ನ ಕಳ್ಸಲ್ಲ," ಎಂದಳು ರೇವಮ್ಮ.

"ಇದೇನಿದು ಒಸಾದು? ಯಾಕೆ?"

ಅವಳು ಒಲೆಯನ್ನೇ ನೋಡುತ್ತ ಹೇಳಿದಳು. ನಾಲ್ಕೇ ಮಾತು. ದನಿ ಏರಲಿಲ್ಲ. ಕಲ್ಲು ಆರಿಸುವ ಕೈ ನಿಂತಿತು. ನಂಜಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಇಷ್ಟು ವರ್ಸ ಯಾಕೇ ಏಳ್ಲಿಲ್ಲ?"

"ಏಳಿದ್ದೆ. ಎಲ್ಲಾರೂ ನಕ್ರು. ಆಮ್ಯಾಕೆ ಅವ್ವ ಸಾಯ್ತಾಳೆ ಅಂತ ಸುಮ್ಕಾದೆ."

ಅವನು ಅತ್ತೆಯ ಕಡೆ ತಿರುಗಿದ. ಗುರುಸಿದ್ದಮ್ಮ ಅವನನ್ನು ನೋಡಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅವನು ಹಜಾರಕ್ಕೆ ಹೋದ.

"ಬಸ್ಸಿಗೆ ಒತ್ತಾಯ್ತು. ನೀವು ಓಗಿ."

"ಕೂಸು?"

"ಕೂಸು ಬರಲ್ಲ. ನೀವೂ ಇನ್ ಬರಬ್ಯಾಡಿ."

ಯಾಕೆ ಎಂದು ಈಶ್ವರಯ್ಯ ಕೇಳಲಿಲ್ಲ. ಅವನ ಮೆಟ್ಟಿನ ಸದ್ದು ಜಗಲಿ ಇಳಿದು ಬೀದಿಗೆ ಹೋಯಿತು.

"ನಾನಿನ್ನೂ ಬದ್ಕಿದ್ದೀನಲ್ಲೇ ರೇವಾ," ಎಂದಳು ಗುರುಸಿದ್ದಮ್ಮ.

"ಊಂ ಕಣವ್ವ."

ಮುದುಕಿ ಮೊರ ಹತ್ತಿರಕ್ಕೆ ಎಳೆದುಕೊಂಡಳು. ರೇವಮ್ಮ ಕೊಟ್ಟ ಮಾತು ಮುರಿದಿದ್ದಳು.